ಕುತ್ತಿಗೆ ನಿಲ್ಲುವ ಕಾಲ

ಘಟ್ಟದ ದಾರಿಯ ಒಗಟು

ವಿಟ್ಲದಿಂದ ಹೊರಟವರು ಮೈಸೂರಿಗೆ ಹೋಗುವುದಾದರೆ ಸಂಪಾಜೆಯನ್ನೂ, ಬೆಂಗಳೂರಿಗಾದರೆ ಶಿರಾಡಿಯನ್ನೂ, ಬೆಳ್ತಂಗಡಿಯ ಮೇಲಿನಿಂದ ಚಿಕ್ಕಮಗಳೂರಿನ ಕಡೆಗಾದರೆ ಚಾರ್ಮಾಡಿಯನ್ನೂ ಹತ್ತದೆ ಗತ್ಯಂತರವಿಲ್ಲ. ಹಾಗೆ ಹತ್ತುವ ಬಸ್ಸಿನೊಳಗಿನ ಅವಸ್ಥೆಯು ನಮ್ಮ ಜಿಲ್ಲೆಯವರಿಗೆ ವರ್ಣಿಸಿ ಹೇಳತಕ್ಕ ವಿಷಯವೂ ಅಲ್ಲ. ತಿರುವಿನ ಮೇಲೆ ತಿರುವು ಬರುತ್ತಿರಲು, ಹೊಟ್ಟೆತುಂಬ ಉಂಡು ಹೊರಟಿದ್ದ ಹತ್ತು ವರ್ಷದ ಹುಡುಗನು ಮೊದಲು ಬಿಳಿಚಿಕೊಂಡು, ಅನಂತರ ಬೆವರಿ, ಕಡೆಗೆ ಕಿಟಕಿಯ ಸರಳನ್ನು ಹಿಡಿದುಕೊಂಡು ಮುಖವನ್ನು ಹೊರಕ್ಕೆ ಚಾಚುತ್ತಾನೆ. ಅವನ ತಾಯಿಯು ಲಿಂಬೆಹಣ್ಣನ್ನು ಮೂಸುತ್ತ ಕಣ್ಣುಮುಚ್ಚಿ ಕುಳಿತಿರುತ್ತಾಳೆ. ಆದರೆ ಅವಳ ಮಡಿಲಿನಲ್ಲಿಯೇ, ಅವೇ ತಿರುವುಗಳಲ್ಲಿ ಅಷ್ಟೇ ಬಲವಾಗಿ ಅತ್ತಿತ್ತ ಓಲಾಡಿಸಲ್ಪಡುತ್ತಿರುವ ಐದು ತಿಂಗಳ ಶಿಶುವು ಯಾವ ಉಪದ್ರವವೂ ಇಲ್ಲದೆ ನಿದ್ರಿಸುತ್ತಿರುತ್ತದೆ. ಎರಡು ವರ್ಷ ತುಂಬದ ಮಕ್ಕಳಿಗೆ ಪ್ರಯಾಣದ ವಾಕರಿಕೆ ಬರುವುದು ಬಹಳ ಅಪರೂಪ. ಒಂಬತ್ತು ಹತ್ತರ ಪ್ರಾಯದ ಹೊತ್ತಿಗೆ ಅದು ತನ್ನ ಪರಮಾವಧಿಯನ್ನು ಮುಟ್ಟುತ್ತದೆ ಎಂಬುದನ್ನು ವೈದ್ಯರೂ ಬಲ್ಲರು, ಬಸ್ಸಿನ ನಿರ್ವಾಹಕರೂ ಬಲ್ಲರು. "ಮಗುವಿಗೇನು ಗೊತ್ತಾಗುತ್ತದೆ" ಎಂದು ಹಿಂದಿನ ಸೀಟಿನ ಹಿರಿಯರು ಹೇಳಿ ಮುಗಿಸುವ ಮಾತು, ಅವರು ಎಣಿಸಿದುದಕ್ಕಿಂತ ಬಹಳ ಹೆಚ್ಚು ಸತ್ಯವಾದ ಮಾತು.

ಇದರ ಪಕ್ಕದಲ್ಲಿಯೇ ಇನ್ನೊಂದು ಸಂಗತಿಯನ್ನಿರಿಸಿ ನೋಡಬೇಕು. ಮನುಷ್ಯನನ್ನು ಅಂತರಿಕ್ಷಕ್ಕೆ ಕಳುಹಿಸುವ ಸನ್ನಾಹವು ನಡೆಯುತ್ತಿದ್ದ 1950ರ ದಶಕದ ಕೊನೆಯಲ್ಲಿ, ಅಮೆರಿಕದ ನೌಕಾಪಡೆಯೂ ನಾಸಾ ಸಂಸ್ಥೆಯೂ ಗ್ಯಾಲೊಡೆಟ್ ಕಾಲೇಜೆಂಬ ಕಿವುಡರ ವಿದ್ಯಾಲಯದಿಂದ ಹನ್ನೊಂದು ಮಂದಿ ಗಂಡಸರನ್ನು ಪರೀಕ್ಷೆಗಾಗಿ ಆರಿಸಿಕೊಂಡವು. ಒಬ್ಬನ ಹೊರತು ಉಳಿದವರೆಲ್ಲರೂ ಎಳೆಯ ಪ್ರಾಯದಲ್ಲಿ ಮಿದುಳುಪೊರೆಯ ಉರಿಯೂತಕ್ಕೆ ತುತ್ತಾಗಿ ಶ್ರವಣಶಕ್ತಿಯನ್ನು ಕಳೆದುಕೊಂಡವರು. ಶ್ರವಣದೊಂದಿಗೆ ಒಳಗಿವಿಯ ಇನ್ನೊಂದು ಅಂಗವೂ ಅವರಲ್ಲಿ ನಷ್ಟವಾಗಿತ್ತು. ಕೆನಡದ ನೋವಾ ಸ್ಕೋಷಿಯದಾಚೆಯ ಪ್ರಕ್ಷುಬ್ಧವಾದ ಕಡಲಿನಲ್ಲಿ ಇವರನ್ನು ಹಡಗಿನಲ್ಲಿ ಕರೆದೊಯ್ದಾಗ, ಅವರು ನೆಮ್ಮದಿಯಿಂದ ಇಸ್ಪೀಟಾಡುತ್ತ ಕುಳಿತಿದ್ದರೆಂದೂ, ಅವರನ್ನು ಪರೀಕ್ಷಿಸಬಂದ ವಿಜ್ಞಾನಿಗಳೇ ವಾಂತಿಯಿಂದ ಕಂಗೆಟ್ಟು ಪ್ರಯೋಗವನ್ನು ನಿಲ್ಲಿಸಬೇಕಾಯಿತೆಂದೂ ಆ ಪರೀಕ್ಷೆಯ ಚರಿತ್ರೆಯು ಹೇಳುತ್ತದೆ. ಅಂದಮೇಲೆ ಒಳಗಿವಿಯಿಲ್ಲದೆ ವಾಕರಿಕೆಯಿಲ್ಲ. ಆದರೆ ಮಡಿಲಿನ ಶಿಶುವಿಗೆ ಒಳಗಿವಿಯು ಚೆನ್ನಾಗಿಯೇ ಇದೆಯಷ್ಟೆ! ಆ ಹನ್ನೊಂದು ಮಂದಿಯಲ್ಲಿ ಇಲ್ಲದುದು ಯಾವುದೆಂದು ನಮಗೆ ಗೊತ್ತು. ಶಿಶುವಿನಲ್ಲಿ ಇನ್ನೂ ಇಲ್ಲದಿರುವುದು ಯಾವುದು?

ಉರುಳಿಯ ನೀರು

ಕಾಣುವ ಕಿವಿಯ ಹಿಂದೆ, ಮಾನವದೇಹದ ಎಲುಬುಗಳಲ್ಲೆಲ್ಲ ಅತ್ಯಂತ ಕಠಿನವೆನಿಸಿದ ಎಲುಬಿನ ಒಡಲೊಳಗೆ, ಕೇಳುವ ಕಾರ್ಯದೊಡನೆ ಯಾವ ಸಂಬಂಧವನ್ನೂ ಇರಿಸಿಕೊಳ್ಳದ ಮೂರು ಕಮಾನುಗಳು ಒಂದಕ್ಕೊಂದು ಲಂಬವಾಗಿ ನಿಂತಿವೆ. ಒಂದೊಂದರ ಅಡ್ಡಳತೆಯೂ ಆರೇಳು ಮಿಲಿಮೀಟರನ್ನು ಮೀರುವುದಿಲ್ಲ. ಇವುಗಳನ್ನು ನಾವು ಸುತ್ತುಗೊಳವೆಗಳೆಂದು ಕರೆಯೋಣ. ಪ್ಯಾರಿಸ್ಸಿನ ಶರೀರಶಾಸ್ತ್ರಜ್ಞನಾದ ಫ್ಲೂರಾನ್ಸನು 1820ರ ದಶಕದಲ್ಲಿ ಪಾರಿವಾಳಗಳ ಈ ಕೊಳವೆಗಳನ್ನು ಒಂದೊಂದಾಗಿ ಕತ್ತರಿಸಿ, ಯಾವ ಕೊಳವೆಯು ಕತ್ತರಿಸಲ್ಪಟ್ಟಿತೋ ಅದರ ಸಮತಲದಲ್ಲಿಯೇ ಹಕ್ಕಿಯು ತಲೆಯನ್ನು ಒಲೆದಾಡಿಸುವುದನ್ನು ಕಂಡನು. ಅದರ ಅರ್ಥವು ಪೂರ್ತಿ ಸ್ಪಷ್ಟವಾಗಲು ಇನ್ನೂ ಅರ್ಧ ಶತಮಾನವು ಕಳೆಯಬೇಕಾಯಿತು.

ಆ ಅರ್ಥವನ್ನು ಅಡುಗೆಮನೆಯಲ್ಲಿಯೇ ಕಾಣಬಹುದು. ಒಂದು ಕಂಚಿನ ಉರುಳಿಯಲ್ಲಿ ಮುಕ್ಕಾಲು ಪಾಲು ನೀರು ತುಂಬಿ, ಅಂಚಿನ ಸಮೀಪದಲ್ಲಿ ಒಂದು ತುಳಸಿಯ ದಳವನ್ನು ತೇಲಬಿಟ್ಟು, ನೀರು ನಿಶ್ಚಲವಾದ ಮೇಲೆ ಉರುಳಿಯನ್ನು ತಟಕ್ಕನೆ ಕಾಲು ಸುತ್ತು ತಿರುಗಿಸಿ ನೋಡಿರಿ. ಉರುಳಿಯು ತಿರುಗಿತು, ತುಳಸಿಯ ದಳವು ಮೊದಲಿದ್ದಲ್ಲಿಯೇ ನಿಂತಿತು. ಉರುಳಿಯ ದೃಷ್ಟಿಯಿಂದ ನೋಡಿದರೆ ನೀರೇ ಹಿಮ್ಮುಖವಾಗಿ ಹರಿದಂತಾಯಿತು. ನಮ್ಮ ಸುತ್ತುಗೊಳವೆಯಲ್ಲಿಯೂ ಹೀಗೊಂದು ದ್ರವವಿದೆ. ಅದರ ಹರಿವಿಗೆ ಅಡ್ಡಲಾಗಿ ಲೋಳೆಯಂತಹ ಮೆತ್ತನೆಯ ಒಂದು ತೆರೆಯಿದ್ದು, ಆ ತೆರೆಯ ಬುಡದಲ್ಲಿ ಸೂಕ್ಷ್ಮರೋಮಗಳನ್ನು ಹೊತ್ತ ಕಣಗಳು ಸಾಲಾಗಿ ನಿಂತಿವೆ. ತಲೆಯು ಬಲಕ್ಕೆ ತಿರುಗಿದಾಗ ದ್ರವವು ಹಿಂದುಳಿದು, ತೆರೆಯು ಬಾಗಿ, ರೋಮಗಳು ಬಾಗಿ, "ಬಲಕ್ಕೆ ತಿರುಗಿತು, ಇಷ್ಟು ವೇಗದಲ್ಲಿ ತಿರುಗಿತು" ಎಂಬ ವರ್ತಮಾನವು ನರದ ಮೂಲಕ ಮಿದುಳಿಗೆ ಹೋಗುತ್ತದೆ.

ಉರುಳಿಯನ್ನು ನಿಲ್ಲಿಸದೆ ತಿರುಗಿಸುತ್ತಲೇ ಇದ್ದರೆ ನೀರೂ ಕ್ರಮೇಣ ಅದರೊಡನೆ ತಿರುಗತೊಡಗುತ್ತದೆ. ಆಗ ಎರಡಕ್ಕೂ ವ್ಯತ್ಯಾಸವಿಲ್ಲ, ತೆರೆಯು ನೆಟ್ಟಗಾಗುತ್ತದೆ, ವರ್ತಮಾನವು ನಿಂತುಹೋಗುತ್ತದೆ. ಈಗ ಉರುಳಿಯನ್ನು ಥಟ್ಟನೆ ಹಿಡಿದು ನಿಲ್ಲಿಸಿದರೆ ದಳವು ನಿಲ್ಲದೆ ಸುತ್ತುತ್ತಲೇ ಇರುತ್ತದೆ. ಅಂಗಳದಲ್ಲಿ ಗರಗರನೆ ಸುತ್ತಿ ನಿಂತ ಮಕ್ಕಳಿಗೆ ಮನೆಯೂ ತೆಂಗಿನ ಮರಗಳೂ ಸುತ್ತುವಂತೆ ಕಾಣುವುದು ಇದರಿಂದಲೇ. ವಿಯೆನ್ನಾದ ರಾಬರ್ಟ್ ಬಾರಾನಿ ಎಂಬ ಕಿವಿಯ ವೈದ್ಯನು, ರೋಗಿಗಳ ಕಿವಿಗೆ ತೀರ ತಣ್ಣನೆಯ ಇಲ್ಲವೆ ತೀರ ಬಿಸಿಯಾದ ನೀರನ್ನು ಪಿಚಕಾರಿಯಿಂದ ಬಿಟ್ಟಾಗ ಅವರಿಗೆ ತಲೆ ಸುತ್ತುವುದನ್ನು ಕಂಡು, ಉಷ್ಣತೆಯ ವ್ಯತ್ಯಾಸದಿಂದ ಒಳಗಿನ ದ್ರವವು ಚಲಿಸುತ್ತದೆಂದು ತರ್ಕಿಸಿದನು. ಈ ಕ್ಷೇತ್ರದ ಅವನ ಕಾರ್ಯಕ್ಕೆ 1914ರ ನೊಬೆಲ್ ಪಾರಿತೋಷಕವು ಸಂದಿತು. ಆ ಸುದ್ದಿಯು ತಲಪಿದಾಗ ಅವನು ರಷ್ಯದಲ್ಲಿ ಯುದ್ಧಕೈದಿಯಾಗಿದ್ದನು. ಮಗುವಿನ ಕಿವಿಗೆ ಎಣ್ಣೆ ಬಿಡುವ ಪದ್ಧತಿಯು ನಮ್ಮಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ಸೋಂಕಿನ ಭಯದಿಂದ ವೈದ್ಯರು ಅದನ್ನು ಬೇಡವೆನ್ನುತ್ತಾರೆ. ತಣ್ಣನೆಯ ಎಣ್ಣೆಯಿಂದ ಮಗುವಿನ ಲೋಕವೇ ಒಮ್ಮೆ ಗಿರ್ರನೆ ಸುತ್ತಬಹುದೆಂಬ ಇನ್ನೊಂದು ಕಾರಣವನ್ನು ಬಾರಾನಿಯ ಹೆಸರಿನಲ್ಲಿ ನಾನು ಸೇರಿಸುತ್ತೇನೆ.

ಸುಣ್ಣದ ಹರಳುಗಳು

ಸುತ್ತುಗೊಳವೆಗಳು ತಲೆಯು ತಿರುಗುವುದನ್ನು ಮಾತ್ರ ಹೇಳಬಲ್ಲವು. ತಲೆಯು ಯಾವ ಕಡೆಗೆ ವಾಲಿದೆ, ಕೆಳಗೆಂಬುದು ಯಾವ ದಿಕ್ಕು, ದೇಹವು ಮುಂದಕ್ಕೋ ಮೇಲಕ್ಕೋ ಜಗ್ಗಲ್ಪಟ್ಟಿತೇ ಎಂಬುದನ್ನು ತಿಳಿಸುವುದಕ್ಕೆ ಕೊಳವೆಗಳ ಬುಡದಲ್ಲಿ ಎರಡು ಪುಟ್ಟ ಹರಳುಚೀಲಗಳಿವೆ. ಅವುಗಳೊಳಗೂ ರೋಮಗಳ ಹಾಸು ಇದೆ. ಹಾಸಿನ ಮೇಲೆ ಲೋಳೆ, ಲೋಳೆಯ ಮೇಲೆ ಅತಿ ಸೂಕ್ಷ್ಮವಾದ ಹರಳುಗಳ ರಾಶಿ. ನೇತ್ರಾವತಿಯ ಮರಳಿನಲ್ಲಿ ಸಿಕ್ಕುವ ಮರುವಾಯಿಯ ಚಿಪ್ಪು ಯಾವ ದ್ರವ್ಯದಿಂದಾಗಿದೆಯೋ ಆ ಕ್ಯಾಲ್ಸಿಯಂ ಕಾರ್ಬೊನೇಟಿನಿಂದಲೇ ಇವೂ ಆಗಿವೆ. ಹರಳುಗಳು ಭಾರವಾದುದರಿಂದ ತಲೆಯು ವಾಲಿದಾಗ ವಾಲಿದ ಕಡೆಗೆ ಜಾರುತ್ತವೆ. ಅವುಗಳೊಂದಿಗೆ ರೋಮಗಳೂ ಬಾಗುತ್ತವೆ.

ಇದು ಊಹೆಯಲ್ಲ ಎಂಬುದನ್ನು 1893ರಲ್ಲಿ ಕ್ರೈಡ್ಲ್ ಎಂಬ ವಿಯೆನ್ನಾದ ವಿಜ್ಞಾನಿಯು ಒಂದು ಸಿಗಡಿಯಿಂದ ಸಾಧಿಸಿ ತೋರಿಸಿದ ಬಗೆಯು ವಿಜ್ಞಾನಚರಿತ್ರೆಯ ಅತ್ಯಂತ ರಮ್ಯವಾದ ಪ್ರಸಂಗಗಳಲ್ಲಿ ಒಂದು. ನಮ್ಮ ಕಡಲಕರೆಯವರು ಎಟ್ಟಿಯೆಂದು ಕರೆಯುವ ಈ ಪ್ರಾಣಿಯ ಮೀಸೆಯ ಬುಡದಲ್ಲಿಯೂ ಇಂತಹದೇ ಒಂದು ಗುಳಿಯಿದೆ. ಪೊರೆ ಕಳಚುವಾಗ ಅದರೊಳಗಿನ ಕಣಗಳೂ ಕಳಚಿಹೋಗುವುದರಿಂದ, ಅದು ಸುತ್ತಲಿನ ಮರಳಿನ ಕಾಳುಗಳನ್ನು ಹೆಕ್ಕಿ ಗುಳಿಯನ್ನು ಮರಳಿ ತುಂಬಿಕೊಳ್ಳುತ್ತದೆ. ಕ್ರೈಡ್ಲನು ಮರಳನ್ನು ತೆಗೆದು, ಅದರ ಬದಲು ಕಬ್ಬಿಣದ ಪುಡಿಯನ್ನಿರಿಸಿದನು. ಸಿಗಡಿಯು ಅದನ್ನೇ ತುಂಬಿಕೊಂಡಿತು. ಅನಂತರ ಅಯಸ್ಕಾಂತವನ್ನು ಮೇಲಿನಿಂದ ಹಿಡಿದಾಗ, ಕಬ್ಬಿಣವು ಮೇಲಕ್ಕೆ ಸೆಳೆಯಲ್ಪಟ್ಟು, ಮೇಲೆಂಬುದೇ ಕೆಳಗೆಂದು ನಂಬಿದ ಆ ಪ್ರಾಣಿಯು ಮಗುಚಿಕೊಂಡು ಬೆನ್ನು ಅಡಿಯಾಗಿ ಈಜಿತು.

ಈಗ ಶಿಶುವಿನ ವಿಷಯಕ್ಕೆ ಬರೋಣ. ಸುತ್ತುಗೊಳವೆಗಳ ಗಾತ್ರವು ಗರ್ಭದ ಆರನೆಯ ತಿಂಗಳ ಹೊತ್ತಿಗೆಲ್ಲ ಬಹುಮಟ್ಟಿಗೆ ಪೂರ್ಣವಾಗಿ, ಆಮೇಲೆ ಅವು ಬೆಳೆಯುವುದೇ ಇಲ್ಲವೆಂಬಷ್ಟು. ಇಂದು ಹುಟ್ಟಿದ ಮಗುವಿನ ಕೊಳವೆಗೂ ಅದರ ಮುತ್ತಜ್ಜನ ಕೊಳವೆಗೂ ಅಳತೆಯಲ್ಲಿ ಹೇಳಿಕೊಳ್ಳುವಂತಹ ಭೇದವಿರುವುದಿಲ್ಲ. ಕೈಕಾಲು ಬೆಳೆಯಬೇಕು, ಹಲ್ಲು ಮೂಡಬೇಕು, ಮಿದುಳು ಹುಟ್ಟುವಾಗಿನ ಮುನ್ನೂರೈವತ್ತು ಗ್ರಾಮಿನಿಂದ ಸಾವಿರದ ಮುನ್ನೂರು ಗ್ರಾಮಿನಾಚೆಗೆ ಹೆಚ್ಚಬೇಕು. ಈ ಒಂದು ಉಪಕರಣ ಮಾತ್ರ ಸಿದ್ಧವಾಗಿಯೇ ಲೋಕಕ್ಕೆ ಬರುತ್ತದೆ. ಅದು ಕೆಲಸವನ್ನೂ ಮಾಡುತ್ತದೆ. ತಲೆಯ ಆಧಾರವು ಒಂದಿಷ್ಟು ತಪ್ಪಿದಂತಾದೊಡನೆಯೇ ಎಳೆಗೂಸು ಎರಡು ಕೈಗಳನ್ನೂ ಅಗಲಕ್ಕೆ ಚಾಚಿ, ಮತ್ತೆ ತಬ್ಬಿಕೊಳ್ಳುವಂತೆ ಒಟ್ಟುಗೂಡಿಸಿ, ಬೆಚ್ಚಿ ಅಳುವುದನ್ನು ನೋಡದ ತಾಯಿಯಿಲ್ಲ. ಹೈಡೆಲ್‌ಬರ್ಗಿನ ಶಿಶುವೈದ್ಯ ಅರ್ನ್‌ಸ್ಟ್ ಮೋರೊ 1918ರಲ್ಲಿ ವಿವರಿಸಿದ ಈ ಬೆಚ್ಚುವಿಕೆಯು ನಾಲ್ಕರಿಂದ ಆರು ತಿಂಗಳೊಳಗೆ ಮಾಯವಾಗುತ್ತದೆ. ಉಪಕರಣವು ವರ್ತಮಾನವನ್ನು ಕಳುಹಿಸುತ್ತಿದೆ, ಅದನ್ನು ಕೇಳಿ ದೇಹವು ಬೆಚ್ಚುತ್ತಲೂ ಇದೆ. ಆದರೆ ಇಂತಹ ವರ್ತಮಾನಕ್ಕೆ ಇಂತಹ ಅರ್ಥವೆಂಬ ತಿಳಿವು ಇನ್ನೂ ಮೂಡಿಲ್ಲ.

ತೊಟ್ಟಿಲು ಮಾಡುವ ಕೆಲಸ

ತೊಟ್ಟಿಲಿಗೆ ಹಾಕುವ ಶಾಸ್ತ್ರದ ದಿನ ಜಂತಿಯಿಂದ ಇಳಿಬಿಟ್ಟ ಸರಪಳಿಗೆ ತಗಲಿಸಿದ ಮರದ ತೊಟ್ಟಿಲೇ ಆಗಲಿ, ಬಡವರ ಮನೆಯ ಹಳೆಯ ಸೀರೆಯ ಜೋಲಿಯೇ ಆಗಲಿ, ತೂಗಿದೊಡನೆ ಮಗು ಅಳು ನಿಲ್ಲಿಸುವುದಕ್ಕೆ ಜೋಗುಳದ ಇಂಪೇ ಕಾರಣವೆಂದು ಹಾಡುವವರು ಭಾವಿಸಿದರೆ ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ; ಆದರೆ ಹಾಡದೆ ತೂಗಿದರೂ ಅಳು ನಿಲ್ಲುತ್ತದೆ. ಎತ್ತಿ ಹೆಗಲಿಗೆ ಹಾಕಿಕೊಂಡ ನವಜಾತ ಶಿಶುವು ಶಾಂತವಾಗುವುದಷ್ಟೇ ಅಲ್ಲದೆ ಕಣ್ಣು ತೆರೆದು ಸುತ್ತ ನೋಡತೊಡಗುತ್ತದೆಂದೂ, ಕೇವಲ ಅಪ್ಪಿಕೊಳ್ಳುವುದಕ್ಕಿಂತ ಎತ್ತುವ ಚಲನೆಯೇ ಇದರಲ್ಲಿ ಪ್ರಬಲವೆಂದೂ ಕಾರ್ನರ್ ಮತ್ತು ಥೋಮನ್ ಎಂಬ ಅಮೆರಿಕದ ಸಂಶೋಧಕಿಯರು 1970ರ ಸುಮಾರಿಗೆ ತೋರಿಸಿದರು. ತಾಯಿಯು ಎತ್ತಿಕೊಂಡು ಕುಳಿತಿರುವಾಗ ಅಳುವ ಮಗು, ಅವಳು ಎದ್ದು ನಡೆಯತೊಡಗಿದೊಡನೆ ಸುಮ್ಮನಾಗುವುದನ್ನೂ ಅದರ ಹೃದಯದ ಬಡಿತವೇ ನಿಧಾನವಾಗುವುದನ್ನೂ ಜಪಾನಿನ ರಿಕೆನ್ ಸಂಸ್ಥೆಯವರು 2013ರಲ್ಲಿ ಅಳೆದರು. ಜಿನೀವದವರು ದೊಡ್ಡವರನ್ನೇ ತೂಗುಮಂಚದಲ್ಲಿ ಮಲಗಿಸಿ, ನಾಲ್ಕು ಸೆಕೆಂಡಿಗೊಂದರಂತೆ ತೂಗಿದಾಗ ಬೇಗನೆ ನಿದ್ದೆ ಹತ್ತುವುದನ್ನು 2011ರಲ್ಲಿ ಕಂಡರು. ನಮ್ಮ ಮನೆಗಳ ಎರಡು ಮೀಟರು ಸರಪಳಿಯ ತೊಟ್ಟಿಲು ಒಮ್ಮೆ ಹೋಗಿಬರಲು ಹೆಚ್ಚುಕಡಮೆ ಮೂರು ಸೆಕೆಂಡು ಹಿಡಿಯುತ್ತದೆ ಎಂಬುದನ್ನು ಲೋಲಕದ ಗಣಿತವನ್ನು ಬಲ್ಲವರು ತಾಳೆನೋಡಬಹುದು. ಇಷ್ಟಾದರೂ ಇದಕ್ಕೆ ಕಿವಿಯೇ ಕಾರಣವೆಂದು ಹೇಗೆ ಹೇಳುವುದು? 2019ರಲ್ಲಿ ಲೋಸಾನಿನ ಸಂಶೋಧಕರು, ಹುಟ್ಟಿನಿಂದಲೇ ಹರಳುಚೀಲಗಳು ಕೆಲಸಮಾಡದ ಇಲಿಗಳನ್ನು ಸಹಜವಾದ ಇಲಿಗಳೊಂದಿಗೆ ತೂಗಿ ನೋಡಿದರು. ಸಹಜವಾದವು ಹೆಚ್ಚು ಹೊತ್ತು ನಿದ್ರಿಸಿದವು. ಹರಳಿನ ನೆರವಿಲ್ಲದವುಗಳಿಗೆ ತೂಗಿದುದೂ ತೂಗದಿದ್ದುದೂ ಒಂದೇ ಆಯಿತು.

ತೊಟ್ಟಿಲಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದೇ ಕೊಂಡಿಯಿಂದ ತೂಗುವ ತೊಟ್ಟಿಲು ಪಕ್ಕಕ್ಕೆ ಸರಿದಷ್ಟೂ ತಾನೇ ವಾಲಿಕೊಳ್ಳುವುದರಿಂದ, ಒಳಗಿರುವ ಮಗುವಿಗೆ ಭಾರವು ಯಾವಾಗಲೂ ತೊಟ್ಟಿಲಿನ ತಳದ ಕಡೆಗೇ ಎಳೆಯುವಂತೆ ತೋರುತ್ತದೆ. ನಡುವೆ ಬಂದಾಗ ಒಂದಿಷ್ಟು ಹೆಚ್ಚು ಭಾರ, ತುದಿಗಳಲ್ಲಿ ಒಂದಿಷ್ಟು ಹಗುರ, ಅಷ್ಟೆ. ಪಕ್ಕಕ್ಕೆ ಉರುಳಿಬೀಳುವ ಶಂಕೆಯು ಹರಳುಗಳಿಗೆ ಬರುವುದೇ ಇಲ್ಲ. ಹೆಸರರಿಯದ ನಮ್ಮ ಪೂರ್ವಜರಲ್ಲಿ ಯಾರು ಮೊದಲು ಇದನ್ನು ಕಂಡುಕೊಂಡರೋ, ಅವರಿಗೆ ಶಿಶುವಿನ ಕಿವಿಯ ಪರಿಚಯವು ನಮಗಿಂತ ಹೆಚ್ಚಾಗಿಯೇ ಇದ್ದಿರಬೇಕು.

ತೂಗುವುದಕ್ಕೂ ಕುಲುಕುವುದಕ್ಕೂ ಅಜಗಜಾಂತರವಿದೆಯೆಂಬುದನ್ನು ಮಾತ್ರ ಇಲ್ಲಿಯೇ ಹೇಳಿಬಿಡಬೇಕು. ಎಳೆಗೂಸಿನ ತಲೆಯು ದೇಹದ ಉದ್ದದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು. ಅದನ್ನು ಹಿಡಿದು ನಿಲ್ಲಿಸುವ ಕುತ್ತಿಗೆಯ ಸ್ನಾಯುಗಳು ತೀರ ಎಳೆಯವು. ಸಿಟ್ಟಿನಿಂದಲೋ ಆಟಕ್ಕೋ ಮಗುವನ್ನು ಹಿಡಿದು ರಭಸದಿಂದ ಹಿಂದುಮುಂದಕ್ಕೆ ಅಲುಗಿಸಿದರೆ ಮಿದುಳಿನ ಸುತ್ತಣ ರಕ್ತನಾಳಗಳು ಹರಿದು ಸಾವೂ ಸಂಭವಿಸಬಹುದು. ಮೀಯಿಸಿದ ಮೇಲೆ ಮಗುವನ್ನು ಕಾಲು ಹಿಡಿದು ತಲೆಕೆಳಗಾಗಿ ಕೊಡಹುವ ಹಳೆಯ ಕ್ರಮವೂ ಬಿಡತಕ್ಕದ್ದೇ ಸರಿ.

ಬಚ್ಚಲಿನಲ್ಲಿ

ಆ ಒಂದು ಕ್ರಮವನ್ನು ಬಿಟ್ಟರೆ, ನಮ್ಮ ಊರಿನ ಶಿಶುಸ್ನಾನಕ್ಕಿಂತ ಉತ್ತಮವಾದ ಪಾಠಶಾಲೆಯನ್ನು ನಾನು ಕಾಣೆ. ಹಂಡೆಯಲ್ಲಿ ನೀರು ಹದವಾಗಿ ಕಾದಿದೆ. ಬಚ್ಚಲಿನ ಹೊಗೆಹಿಡಿದ ಗೋಡೆಗೆ ಬೆನ್ನು ಕೊಟ್ಟು, ಗಿಡ್ಡನೆಯ ಮಣೆಯ ಮೇಲೆ ಕಾಲು ಚಾಚಿ ಕುಳಿತ ಮುದುಕಿಯು ಮಗುವನ್ನು ತನ್ನ ಕಣಕಾಲುಗಳ ಮೇಲೆ ಕವುಚಿ ಮಲಗಿಸಿ, ತೆಂಗಿನೆಣ್ಣೆಯನ್ನು ಬೆನ್ನಿನುದ್ದಕ್ಕೂ ತಿಕ್ಕಿ, ಹೆಸರಿನ ಹಿಟ್ಟನ್ನು ಸವರಿ, ಅಂಗೈಯನ್ನು ಅಡ್ಡ ಹಿಡಿದು ಚೆಂಬಿನ ನೀರನ್ನು ಹೊಯ್ಯುತ್ತಾಳೆ. ನೀರು ಬೆನ್ನಿಗೆ ಬಿದ್ದೊಡನೆ ಎರಡೂವರೆ ತಿಂಗಳ ಆ ಮಗು ತಲೆಯನ್ನೆತ್ತುತ್ತದೆ. ಎತ್ತಿದ ತಲೆಯು ನಿಲ್ಲುವುದಿಲ್ಲ: ಒಂದಿಷ್ಟು ಮೇಲೆ ಹೋಗಿ, ಬಲಕ್ಕೆ ವಾಲಿ, ವಾಲಿದುದನ್ನು ಸರಿಪಡಿಸಹೋಗಿ ಎಡಕ್ಕೆ ಹೆಚ್ಚಾಗಿ ವಾಲಿ, ಗಡಗಡನೆ ನಡುಗಿ, ಮೂಗಿನಲ್ಲಿ ನೀರ ಹನಿಯನ್ನು ತೊಟ್ಟಿಕ್ಕಿಸುತ್ತ ಮುದುಕಿಯ ಕಾಲಿನ ಮೇಲೆ ಕೆನ್ನೆಯಾನಿಸಿ ಬೀಳುತ್ತದೆ. ಮುದುಕಿಯು ಮತ್ತೆ ನೀರು ಹೊಯ್ಯುತ್ತಾಳೆ. ತಲೆಯು ಮತ್ತೆ ಏಳುತ್ತದೆ.

ಈ ಅಲ್ಪಕಾಲದ ನಡುಕದಲ್ಲಿ ನಡೆಯುವುದೇನು? ಸುತ್ತುಗೊಳವೆಗಳು "ತಿರುಗಿತು" ಎನ್ನುತ್ತವೆ. ಹರಳುಗಳು "ವಾಲಿತು" ಎನ್ನುತ್ತವೆ. ಹಂಡೆಯ ಕೆಳಗಿನ ಬೆಂಕಿಯ ಬೆಳಕು ಕಣ್ಣಿನ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾರುತ್ತದೆ. ಕುತ್ತಿಗೆಯ ಸ್ನಾಯುಗಳು ತಾವು 'ಇಷ್ಟು ಎಳೆಯಲ್ಪಟ್ಟೆವು' ಎಂದು ವರದಿ ಕೊಡುತ್ತವೆ. ಇವೆಲ್ಲವೂ ಒಂದೇ ಕ್ಷಣದಲ್ಲಿ, ಒಂದೇ ಚಲನೆಯ ಬಗ್ಗೆ ಬಂದ ಹೇಳಿಕೆಗಳು. ಇದಕ್ಕೂ ಮಿಗಿಲಾದ ಇನ್ನೊಂದಿದೆ: ತಲೆಯನ್ನೆತ್ತಬೇಕೆಂಬ ಆಜ್ಞೆಯು ಮಗುವಿನ ಮಿದುಳಿನಿಂದಲೇ ಹೊರಟದ್ದು. ಆದುದರಿಂದ ಮಿದುಳಿಗೆ ತಾನು ಕೊಟ್ಟ ಆಜ್ಞೆಯೂ ಗೊತ್ತು, ಅದರಿಂದ ಬಂದ ಪರಿಣಾಮವೂ ಗೊತ್ತು. ಎರಡನ್ನೂ ಪಕ್ಕಪಕ್ಕದಲ್ಲಿರಿಸಿ, ಹೆಚ್ಚಾದಲ್ಲಿ ಮುಂದಿನ ಸಲ ಕಡಮೆಮಾಡಿ, ಕಡಮೆಯಾದಲ್ಲಿ ಹೆಚ್ಚಿಸಿ, ದಿನದಿನಕ್ಕೆ ನಡುಕವನ್ನು ಅದು ಇಳಿಸಿಕೊಳ್ಳುತ್ತದೆ. ಒಂದನೆಯ ತಿಂಗಳಲ್ಲಿ ಕ್ಷಣಮಾತ್ರ ಎದ್ದ ತಲೆಯು ಮೂರು ನಾಲ್ಕು ತಿಂಗಳಾಗುವಾಗ ಮೊಳಕೈಯೂರಿದ ಎದೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ. "ಕುತ್ತಿಗೆ ನಿಂತಿತು" ಎಂದು ಹೆಂಗಸರು ಹೇಳುವುದು ಆಗ.

ಕಣ್ಣಿಗೂ ಕಿವಿಗೂ ಆಗುವ ಸಂಧಾನವನ್ನು ಓದುಗರು ಈಗಲೇ ಪರೀಕ್ಷಿಸಿಕೊಳ್ಳಬಹುದು. ಈ ಪುಟವನ್ನು ಅಲುಗಾಡದಂತೆ ಹಿಡಿದು, ತಲೆಯನ್ನು ಬೇಡವೆಂಬಂತೆ ಬೇಗಬೇಗನೆ ಆಡಿಸುತ್ತ ಓದಿರಿ. ಅಕ್ಷರಗಳು ಸ್ಥಿರವಾಗಿ ಕಾಣುತ್ತವೆ. ಇನ್ನು ತಲೆಯನ್ನು ಸ್ಥಿರವಾಗಿರಿಸಿ ಪುಟವನ್ನೇ ಅಷ್ಟು ವೇಗದಲ್ಲಿ ಆಡಿಸಿರಿ, ಅಕ್ಷರಗಳು ಕಲಸಿಹೋಗುತ್ತವೆ. ಮೊದಲನೆಯ ಸಂದರ್ಭದಲ್ಲಿ, ತಲೆಯು ಬಲಕ್ಕೆ ತಿರುಗಿದಷ್ಟೇ ಪ್ರಮಾಣದಲ್ಲಿ ಕಣ್ಣುಗಳನ್ನು ಎಡಕ್ಕೆ ತಿರುಗಿಸಲು ಕಿವಿಯಿಂದ ಕಣ್ಣಿನ ಸ್ನಾಯುಗಳಿಗೆ ಮೂರೇ ನರಕಣಗಳಷ್ಟು ದೂರದ ನೇರ ದಾರಿಯಿದ್ದು, ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ ಕೆಲಸವು ಮುಗಿಯುತ್ತದೆ. ಕಣ್ಣು ತಾನೇ ನೋಡಿ ತಿದ್ದಿಕೊಳ್ಳುವುದಕ್ಕೆ ಇದರ ಹತ್ತುಪಟ್ಟು ಕಾಲವಾದರೂ ಬೇಕು. ಈ ನೇರ ದಾರಿಯು ಹುಟ್ಟುವಾಗಲೇ ಇದೆ. ಆದರೆ ತಲೆಯು ಇಷ್ಟು ತಿರುಗಿದಾಗ ಕಣ್ಣು ನಿಶ್ಚಯವಾಗಿ ಎಷ್ಟು ತಿರುಗಬೇಕೆಂಬ ಪ್ರಮಾಣವನ್ನು ನಿಷ್ಕರ್ಷಿಸುವುದು, ಕಣ್ಣಿನ ಮೇಲೆ ಬಿಂಬವು ಜಾರಿದ ಪ್ರತಿಯೊಂದು ಸಲವೂ ಆ ತಪ್ಪನ್ನು ಗುರುತಿಸಿಕೊಳ್ಳುವ ಕಿರುಮಿದುಳು. ದೊಡ್ಡವರಲ್ಲಿಯೂ ಈ ತಿದ್ದುಪಡಿಯು ನಿಂತಿರುವುದಿಲ್ಲ. ಹೊಸ ಕನ್ನಡಕವನ್ನು ಹಾಕಿಕೊಂಡ ಮೊದಲ ದಿನಗಳಲ್ಲಿ ನೆಲವು ತೇಲಿದಂತಾಗಿ, ಆಮೇಲೆ ತಾನಾಗಿ ಸರಿಹೋಗುವುದು ಇದಕ್ಕೆ ಸಾಕ್ಷಿ.

ತೂಗಿಸಿಕೊಂಡದ್ದು, ತಾನೇ ತೂಗಿದ್ದು

ಹಾಗಾದರೆ ತೊಟ್ಟಿಲಿನಲ್ಲಿಯೂ ಮಡಿಲಿನಲ್ಲಿಯೂ ದಿನವೆಲ್ಲ ಓಲಾಡುವ ಮಗು ಇದನ್ನೆಲ್ಲ ಅಲ್ಲಿಯೇ ಕಲಿಯಬಾರದೇಕೆ? ಕಲಿಯುವುದು ಅತ್ಯಲ್ಪವೆಂದು ನಂಬಲು ಕಾರಣಗಳಿವೆ. ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಎಂಬವರು 1963ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕತ್ತಲೆಯಲ್ಲಿ ಬೆಳೆದ ಬೆಕ್ಕಿನ ಮರಿಗಳನ್ನು ಜೋಡಿಜೋಡಿಯಾಗಿ ಗಾಣದಂತಹ ಒಂದು ಯಂತ್ರಕ್ಕೆ ಕಟ್ಟಿ, ಒಂದು ಮರಿಯು ತನ್ನ ಕಾಲಿನಿಂದ ನಡೆಯುವಂತೆಯೂ, ಅದರ ನಡಿಗೆಯಿಂದ ತಿರುಗುವ ಬುಟ್ಟಿಯಲ್ಲಿ ಇನ್ನೊಂದು ಸುಮ್ಮನೆ ಕುಳಿತು ಸಾಗುವಂತೆಯೂ ಮಾಡಿದರು. ಎರಡೂ ಮರಿಗಳ ಕಣ್ಣಿಗೆ ಬಿದ್ದ ದೃಶ್ಯವು ಒಂದೇ, ಸುತ್ತಿದ ದೂರವೂ ಒಂದೇ. ನಡೆದ ಮರಿಯು ಅಂಚನ್ನು ಕಂಡರೆ ಹಿಂಜರಿಯಲೂ, ನೆಲವು ಸಮೀಪಿಸಿದಾಗ ಕಾಲು ಚಾಚಲೂ ಕಲಿಯಿತು. ಬುಟ್ಟಿಯ ಮರಿಯು ಬಿಡುಗಡೆಯಾಗಿ ಸ್ವತಃ ಓಡಾಡುವವರೆಗೆ ಕಲಿಯಲಿಲ್ಲ. ಇತ್ತೀಚೆಗೆ ಕ್ಯಾಥಲೀನ್ ಕಲೆನ್ ಎಂಬ ವಿಜ್ಞಾನಿಯು ಕೋತಿಗಳಲ್ಲಿ ಇದರ ಒಳಮರ್ಮವನ್ನು ಹಿಡಿದಿದ್ದಾಳೆ: ಯಾರಾದರೂ ತಲೆಯನ್ನು ತಿರುಗಿಸಿದರೆ ಒಳಗಿವಿಯ ವರದಿಯನ್ನು ಮಿದುಳಿನಲ್ಲಿ ಮೊದಲು ಸ್ವೀಕರಿಸುವ ನರಕಣಗಳು ಜೋರಾಗಿ ಕೂಗುತ್ತವೆ, ತಲೆಯನ್ನು ತಾನೇ ತಿರುಗಿಸಿದರೆ, ಬರತಕ್ಕ ವರದಿಯು ಮೊದಲೇ ಗೊತ್ತಿರುವುದರಿಂದ ಅವುಗಳ ಕೂಗು ಬಹುಪಾಲು ತಗ್ಗಿಹೋಗುತ್ತದೆ. ನಿರೀಕ್ಷಿಸಿದುದಕ್ಕೂ ಬಂದುದಕ್ಕೂ ಇರುವ ವ್ಯತ್ಯಾಸವೇ ಮಿದುಳಿಗೆ ಮುಖ್ಯವಾದ ಸುದ್ದಿ. ನಿರೀಕ್ಷೆಯಾದರೋ ತಾನೇ ಚಲಿಸಿ ಚಲಿಸಿ ಸಂಪಾದಿಸಬೇಕಾದದ್ದು.

ಮಡಿಲಿನ ಶಿಶುವಿನಲ್ಲಿ ಇಲ್ಲದಿರುವುದು ಈ ನಿರೀಕ್ಷೆಯೇ. ಪ್ರಯಾಣದ ವಾಕರಿಕೆಗೆ ವಿಜ್ಞಾನಿಗಳಲ್ಲಿ ಬಹುಮಂದಿ ಒಪ್ಪುವ ವಿವರಣೆಯೆಂದರೆ, ಕಿವಿಯು ತಿರುವನ್ನು ಹೇಳುತ್ತಿರಲು, ಮುಂದಿನ ಸೀಟಿನ ಬೆನ್ನನ್ನು ನೋಡುತ್ತಿರುವ ಕಣ್ಣು ಏನೂ ಚಲಿಸಿಲ್ಲವೆಂದು ಹೇಳಿ, ವರ್ಷಗಳ ನಡಿಗೆ ಓಟಗಳಿಂದ ಮೂಡಿದ ನಿರೀಕ್ಷೆಗೆ ಎರಡೂ ಹೊಂದದೆ ಹೋಗುವುದು. ಹತ್ತು ವರ್ಷದ ಹುಡುಗನಲ್ಲಿ ಆ ನಿರೀಕ್ಷೆಯು ಗಟ್ಟಿಯಾಗಿ ಬೇರೂರಿದೆ. ಬಸ್ಸಿನ ತಿರುವುಗಳನ್ನು ಮನ್ನಿಸುವ ಅಭ್ಯಾಸ ಮಾತ್ರ ಇನ್ನೂ ಆಗಿಲ್ಲ. ಐದು ತಿಂಗಳ ಶಿಶುವಿಗೆ ಹೊಂದದಿರುವುದಕ್ಕೆ ಬೇಕಾದ ಮೊದಲ ಲೆಕ್ಕವೇ ಇಲ್ಲ. ಕೋಣೆಯ ಪಕ್ಕದ ಗೋಡೆಗಳು ಜಾರಿದಂತೆ ಮಾಡಿದರೆ ಅಂಬೆಗಾಲಿಡಲು ಕಲಿತ ಮಕ್ಕಳು ಅದಕ್ಕೆ ಮೈಯೊಲೆಯುತ್ತವೆ, ಅದೇ ಪ್ರಾಯದ, ಆದರೆ ಇನ್ನೂ ತೆವಳದ ಮಕ್ಕಳು ಅಷ್ಟಾಗಿ ಒಲೆಯುವುದಿಲ್ಲ ಎಂದು ಕ್ಯಾಲಿಫೋರ್ನಿಯದ ಜೋಸೆಫ್ ಕ್ಯಾಂಪೋಸ್ ಮತ್ತು ಸಂಗಡಿಗರು ಕಂಡರು. ಗೋಡೆಯು ಜಾರಿದರೆ ತಾನು ಚಲಿಸಿದೆನೆಂದು ಅರ್ಥವಾಗಬೇಕಾದರೆ ಮೊದಲು ತಾನು ಚಲಿಸಿ ಗೋಡೆಯು ಜಾರುವುದನ್ನು ನೋಡಿರಬೇಕಷ್ಟೆ.

ಒಮ್ಮೆ ಈ ಪಾಠವು ಹತ್ತಿತೆಂದರೆ ಕಣ್ಣಿನ ಮಾತಿಗೆ ಮಗು ಅತಿಯಾದ ಬೆಲೆಯನ್ನೇ ಕೊಡುತ್ತದೆ. ಎಡಿನ್‌ಬರೊದ ಡೇವಿಡ್ ಲೀಯೂ ಅವನ ಸಹೋದ್ಯೋಗಿ ಆರನ್‌ಸನ್ನನೂ 1974ರಲ್ಲಿ, ನೆಲವನ್ನು ಸ್ಥಿರವಾಗಿರಿಸಿ ಗೋಡೆ ಮಾಡುಗಳನ್ನು ಮಾತ್ರ ಮುಂದಕ್ಕೆ ಹಿಂದಕ್ಕೆ ಸರಿಸಬಹುದಾದ ಒಂದು ಕೋಣೆಯನ್ನು ನಿರ್ಮಿಸಿ, ಹೊಸದಾಗಿ ನಿಲ್ಲಲು ಕಲಿತ ಮಕ್ಕಳನ್ನು ಅದರೊಳಗೆ ನಿಲ್ಲಿಸಿದರು. ಗೋಡೆಯು ಅವರೆಡೆಗೆ ಸರಿದೊಡನೆ ಮಕ್ಕಳು ಹಿಂದಕ್ಕೆ ವಾಲಿದರು. ಎಷ್ಟೋ ಮಂದಿ ಕುಂಡೆಯೂರಿ ಬಿದ್ದರು. ಅವರ ಕಿವಿಯಲ್ಲಿ ಯಾವ ದೋಷವೂ ಇರಲಿಲ್ಲ. ಕಣ್ಣು, ಕಿವಿ, ಸ್ನಾಯುಗಳೆಂಬ ಮೂರು ಸಾಕ್ಷಿಗಳಲ್ಲಿ ಯಾವಾಗ ಯಾರನ್ನು ನಂಬಬೇಕೆಂಬ ವಿವೇಕವು ಬರುವುದಕ್ಕೆ ಮುಂದೆ ಹಲವು ವರ್ಷಗಳೇ ಹಿಡಿಯುತ್ತವೆ; ಗಾಳಿಗೆ ತೂಗುವ ಅಡಿಕೆಮರದ ನೆತ್ತಿಯಿಂದ ಪಕ್ಕದ ಮರಕ್ಕೆ ದಾಟಿಕೊಳ್ಳುವ ಆಳಿಗೂ, ತೆಂಕುತಿಟ್ಟಿನ ರಂಗಸ್ಥಳದಲ್ಲಿ ಧೀಂಗಿಣ ಹಾರಿದ ಮರುಕ್ಷಣವೇ ತಾಳಕ್ಕೆ ಸರಿಯಾಗಿ ಹೆಜ್ಜೆಯಿಡುವ ವೇಷಧಾರಿಗೂ ಇರುವ ಸಿದ್ಧಿಯು ಅದೇ ವಿವೇಕದ ಪರಾಕಾಷ್ಠೆ.

ಆದುದರಿಂದ ಎಚ್ಚರವಾಗಿರುವ ಮಗುವನ್ನು ದಿನಕ್ಕೆ ಹಲವು ಬಾರಿ ಕಣ್ಣೆದುರಿನಲ್ಲಿ ಚಾಪೆಯ ಮೇಲೆ ಕವುಚಿ ಬಿಡುವುದು, ನಿದ್ದೆಗೆ ಮಾತ್ರ ಅಂಗಾತ ಮಲಗಿಸುವುದು ಯುಕ್ತವಾದ ಕ್ರಮ. ಭಾರತದ ದೆಹಲಿಯೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅರ್ಧಪಾಲು ಮಕ್ಕಳು ಆರು ತಿಂಗಳಿಗೆ ಆಧಾರವಿಲ್ಲದೆ ಕೂರುತ್ತವೆ, ಹನ್ನೆರಡಕ್ಕೆ ನಡೆಯುತ್ತವೆ. ಆದರೆ ನಡಿಗೆಯು ಎಂಟರಿಂದ ಹದಿನೇಳೂವರೆ ತಿಂಗಳೊಳಗೆ ಯಾವಾಗ ಬಂದರೂ ಅದು ಸಹಜವೇ. ಅಂಬೆಗಾಲಿಡದೆಯೇ ಎದ್ದು ನಡೆದ ಮಕ್ಕಳೂ ಅದರಲ್ಲಿ ನೂರಕ್ಕೆ ನಾಲ್ಕರಷ್ಟಿದ್ದವು. ನಡೆಯತೊಡಗಿದ ಮಗು ಗಂಟೆಗೆ ಸರಾಸರಿ 2,368 ಹೆಜ್ಜೆಗಳನ್ನಿಟ್ಟು 17 ಬಾರಿ ಬೀಳುತ್ತದೆಂದು ನ್ಯೂಯಾರ್ಕಿನ ಕ್ಯಾರನ್ ಅಡಾಲ್ಫ್ 2012ರಲ್ಲಿ ಎಣಿಸಿದ್ದಾಳೆ. ಬೀಳದಂತೆ ಮಗುವನ್ನು ನಡುವೆ ಕೂರಿಸಿ ಉರುಳಿಸುವ ಪ್ಲಾಸ್ಟಿಕ್ಕಿನ ಗಾಲಿಯ ಬಂಡಿಯು ಈ ಎಣಿಕೆಯನ್ನೇ ಇಲ್ಲವಾಗಿಸುತ್ತದೆ. ಮೆಟ್ಟಿಲಿನಿಂದ ಉರುಳಿ ಬಿದ್ದ ಮಕ್ಕಳ ಕಾರಣದಿಂದ ಕೆನಡವು 2004ರಲ್ಲಿ ಅದನ್ನು ನಿಷೇಧಿಸಿತು. ಮಗು ತಾನೇ ನಿಂತು ತಳ್ಳಿಕೊಂಡು ಹೋಗುವ ಹಳೆಯ ಮರದ ಮೂರುಗಾಲಿಯ ಗಾಡಿಯ ಮೇಲೆ ನನಗೆ ಅಂತಹ ಆಕ್ಷೇಪವಿಲ್ಲ.

ಮೌನವಾದ ಕಿವಿ

ಈ ಉಪಕರಣವೇ ಹುಟ್ಟಿನಿಂದ ಮೌನವಾಗಿದ್ದರೆ ಏನಾಗುತ್ತದೆ? ಅಮೆರಿಕದ ತತ್ತ್ವಜ್ಞ ವಿಲಿಯಂ ಜೇಮ್ಸನು 1882ರಲ್ಲಿ 519 ಮಂದಿ ಕಿವುಡಮೂಕರನ್ನು ಸುತ್ತಿಸಿ ವಿಚಾರಿಸಿದಾಗ, ಅವರಲ್ಲಿ 186 ಮಂದಿಗೆ ತಲೆಸುತ್ತೆಂಬುದೇ ಬರಲಿಲ್ಲ. ಕೇಳುವ ಅಂಗವೂ ಸಮತೋಲದ ಅಂಗವೂ ಒಂದೇ ಎಲುಬಿನಲ್ಲಿ, ಒಂದೇ ದ್ರವದಲ್ಲಿ ಇರುವುದರಿಂದ ಒಂದಕ್ಕೆ ಬಂದ ವ್ಯಾಧಿಯು ಇನ್ನೊಂದನ್ನೂ ಮುಟ್ಟುವುದು ಆಶ್ಚರ್ಯವಲ್ಲ. ಅಂತಹ ಮಕ್ಕಳಲ್ಲಿ ಕುತ್ತಿಗೆ ನಿಲ್ಲುವುದು ತಡವಾಗುತ್ತದೆ, ಕೂರುವುದು ತಡವಾಗುತ್ತದೆ. ಅಷರ್ ಎಂಬ ಆನುವಂಶಿಕ ವ್ಯಾಧಿಯ ತೀವ್ರರೂಪದಲ್ಲಿ ನಡಿಗೆಯು ಒಂದೂವರೆ ವರ್ಷವು ಕಳೆದ ಮೇಲೆಯೇ ಬರುತ್ತದೆ. ಮಗುವಿನ ಕುತ್ತಿಗೆಯು ನಾಲ್ಕೈದು ತಿಂಗಳಾದರೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು. ತಡವಾಗುವುದಕ್ಕೆ ಕಾರಣಗಳು ಹಲವು. ಆದರೆ ಅದರೊಂದಿಗೆ ಸದ್ದಿಗೂ ಮಗು ಬೆಚ್ಚದಿದ್ದರೆ ಶ್ರವಣಪರೀಕ್ಷೆಯನ್ನು ತಡಮಾಡದೆ ಮಾಡಿಸತಕ್ಕದ್ದು. ನವಜಾತ ಶಿಶುಗಳ ಶ್ರವಣಪರೀಕ್ಷೆಯಲ್ಲಿಯೂ, ಒಳಗಿವಿಯ ಸಮತೋಲದ ಅಂಗಗಳ ಪರೀಕ್ಷೆಯಲ್ಲಿಯೂ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ದಶಕಗಳಿಂದ ನಿರತವಾಗಿದೆ.

ಸಂತೋಷದ ಸಂಗತಿಯೆಂದರೆ, ಕಿವಿಯು ಮೌನವಾದರೂ ಮಿದುಳು ಕೈಕಟ್ಟಿ ಕೂರುವುದಿಲ್ಲ. ಕಣ್ಣಿನಿಂದಲೂ ಅಂಗಾಲಿನಿಂದಲೂ ಬರುವ ವರದಿಗಳಿಗೆ ಹೆಚ್ಚಿನ ಬೆಲೆ ಕೊಟ್ಟು, ತಡವಾಗಿಯಾದರೂ ಮಗು ನಡೆಯುತ್ತದೆ, ಓಡುತ್ತದೆ, ಸೈಕಲ್ಲನ್ನೂ ತುಳಿಯಬಹುದು. ಹಗಲಿನಲ್ಲಿ, ಸಮವಾದ ನೆಲದಲ್ಲಿ ಅದರ ಕೊರತೆಯು ಯಾರಿಗೂ ಗೊತ್ತಾಗದೆ ಹೋಗುವುದುಂಟು. ಕತ್ತಲಾದ ಮೇಲೆ ಉಸುಕಿನ ಮೇಲೋ ಗದ್ದೆಯ ಹುಣಿಯ ಮೇಲೋ ನಡೆಯುವಾಗ ಮಾತ್ರ ಅದು ಕಾಣಿಸಿಕೊಳ್ಳುತ್ತದೆ. ನೀರಿನೊಳಗೆ ಇದು ಇನ್ನೂ ವಿಷಮ. ಅಲ್ಲಿ ಅಂಗಾಲಿಗೆ ನೆಲವಿಲ್ಲ, ಕದಡಿದ ನೀರಿನಲ್ಲಿ ಕಣ್ಣಿಗೆ ದಿಕ್ಕಿಲ್ಲ. ಹರಳುಗಳೂ ಮಾತಾಡದಿದ್ದರೆ ಮೇಲೆಂಬುದು ಯಾವ ಕಡೆಗೆಂದು ಹೇಳುವವರೇ ಇಲ್ಲ. ಮುಳುಗುಹಾಕಿದಾಗ ದಿಕ್ಕು ತಪ್ಪುವುದನ್ನು ಜೇಮ್ಸನಿಗೂ ಕೆಲವರು ಬರೆದು ತಿಳಿಸಿದ್ದರು. ನಮ್ಮ ತೋಟದ ಕೆರೆಗಳಲ್ಲಿ ಬೇಸಗೆಯ ರಜೆಯಲ್ಲಿ ಮಕ್ಕಳಿಗೆ ಈಜು ಕಲಿಸುವ ಹಿರಿಯರು, ಗುಂಪಿನಲ್ಲಿ ಕಿವಿ ಕೇಳದ ಮಗುವೊಂದಿದ್ದರೆ, ಅದು ಎಷ್ಟೇ ಚುರುಕಾಗಿದ್ದರೂ ಮುಳುಗಿ ಏಳುವ ಆಟಕ್ಕೆ ಬಿಡದೆ, ಸೊಂಟಕ್ಕೆ ತೇಲುಬುರುಡೆಯನ್ನು ಕಟ್ಟಿ, ಕೈಯಳತೆಯೊಳಗೆಯೇ ಇರಿಸಿಕೊಳ್ಳಬೇಕು.